ಮನೆ ಆಮೇಲೆ ನೋಡಿ, ಮೊದಲು ಏರಿಯಾ ನೋಡಿ

ದೊಡ್ಡ ಊರಲ್ಲಿ ಮನೆ ಹುಡುಕುವವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಮನೆಗಳ ಫೋಟೋ ನೋಡುವುದು. ಅಡುಗೆಮನೆ ದೊಡ್ಡದಿದೆ, ಬಾಲ್ಕನಿ ಇದೆ, ಬಾಡಿಗೆಯೂ ಕೈಗೆಟುಕುತ್ತದೆ. ಏರಿಯಾ ಹೇಗೆ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ, ಅದಕ್ಕೆ ಉತ್ತರವನ್ನೂ ಬ್ರೋಕರೇ ಕೊಡುತ್ತಾನೆ. ಇದನ್ನು ಉಲ್ಟಾ ಮಾಡಿ. ಮನೆಯೊಳಗೆ ಏನಾದರೂ ಸರಿ ಇಲ್ಲದಿದ್ದರೆ ದುಡ್ಡು ಕೊಟ್ಟು ಸರಿ ಮಾಡಿಸಬಹುದು, ಬಣ್ಣ ಹೊಡೆಸಬಹುದು, ನಲ್ಲಿ ಬದಲಾಯಿಸಬಹುದು. ಮನೆ ಮುಂದಿನ ರಸ್ತೆ, ಕೆಲಸದ ಜಾಗಕ್ಕೆ ಇರುವ ದೂರ, ಮಳೆ ನೀರು ಹರಿದು ಬರುವ ದಿಕ್ಕು, ಇವನ್ನೆಲ್ಲ ನಿಮಗೋಸ್ಕರ ಯಾರೂ ಬದಲಾಯಿಸುವುದಿಲ್ಲ.

ಹಾಗಾದರೆ ಒಳ್ಳೆ ಏರಿಯಾ ಯಾವುದು? ಎಲ್ಲರಿಗೂ ಒಪ್ಪುವಂಥದ್ದು ಒಂದೂ ಇಲ್ಲ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಿಗೆ ಹಗಲು ಹೊತ್ತು ಸದ್ದಿಲ್ಲದ ಬೀದಿ ಬೇಕು. ವಯಸ್ಸಾದ ಅಪ್ಪ ಅಮ್ಮ ಜೊತೆಯಲ್ಲಿದ್ದರೆ ಆಸ್ಪತ್ರೆ, ಮೆಡಿಕಲ್ ಶಾಪು, ನಡೆದಾಡಲು ಸಮತಟ್ಟಾದ ಜಾಗ ಬೇಕು. ಅದಕ್ಕೇ ಮ್ಯಾಪ್ ತೆರೆಯುವ ಮುಂಚೆ ಒಂದು ಹಾಳೆಯ ಮೇಲೆ ನಿಮ್ಮ ಮನೆಯವರ ಒಂದು ಮಾಮೂಲಿ ವಾರವನ್ನು ಬರೆಯಿರಿ. ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಎಲ್ಲಿಗೆ ಹೋಗುತ್ತಾರೆ, ವಾರಕ್ಕೆ ಎಷ್ಟು ಸಲ. ಆಮೇಲೆ ಜಾಸ್ತಿ ಸಲ ಬಂದಿರುವ ಮೂರ್ನಾಲ್ಕು ಜಾಗಗಳ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಏರಿಯಾ ಹತ್ತಿರ ಇರಬೇಕಾದದ್ದು ಆ ಜಾಗಗಳಿಗೆ. ವರ್ಷಕ್ಕೆ ಎರಡು ಸಲ ಹೋಗುವ ವಿಮಾನ ನಿಲ್ದಾಣ ಪಕ್ಕದಲ್ಲೇ ಇದ್ದರೆ ಏನು ಬಂತು, ದಿನಾ ಮಗು ಹೋಗುವ ಸ್ಕೂಲು ಊರಿನ ಆ ತುದಿಯಲ್ಲಿದ್ದರೆ?

ದಾರಿಯ ಲೆಕ್ಕ

ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಇದೇ, ಜಾಸ್ತಿ ಹೊತ್ತು ಕೊಡಬೇಕಾದದ್ದೂ ಇದಕ್ಕೇ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಲೇಖನ ಬರೆದರು. ಜನ ನಡೆದು ಓಡಾಡುತ್ತಿದ್ದ ಕಾಲದಿಂದ ಕಾರಿನ ಕಾಲದವರೆಗೂ ಮನುಷ್ಯರು ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾ ಬಂದಿದ್ದಾರೆ ಅನ್ನುವುದು ಅದರ ತಿರುಳು. ಅಂದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ವಾಹನಗಳ ವೇಗ ಹೆಚ್ಚಾದಾಗ ಜನರ ಸಮಯ ಉಳಿಯಲಿಲ್ಲ, ಊರು ದೊಡ್ಡದಾಯಿತು ಅಷ್ಟೇ. ಹಾಗಾಗಿ ಒಂದು ಕಡೆಗೆ ಅರ್ಧ ಗಂಟೆಯ ದಾರಿ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಒಪ್ಪಿ. ಮುಕ್ಕಾಲು ಗಂಟೆ ಆದರೂ ನಡೆಯುತ್ತದೆ. ಒಂದು ಗಂಟೆ ದಾಟಿದರೆ ಆ ಏರಿಯಾದಲ್ಲಿ ಬೇರೆ ಏನೋ ದೊಡ್ಡ ಅನುಕೂಲ ಇರಲೇಬೇಕು.

ಅರ್ಧ ಗಂಟೆ ಜಾಸ್ತಿ ಆದರೆ ಏನಾಯಿತು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಹೋಗಲು ಅರ್ಧ, ಬರಲು ಅರ್ಧ, ದಿನಕ್ಕೆ ಒಂದು ಗಂಟೆ. ವರ್ಷಕ್ಕೆ 240 ದಿನ ಕೆಲಸ ಅಂತ ಇಟ್ಟುಕೊಂಡರೆ 240 ಗಂಟೆ. ಎಂಟು ಗಂಟೆಯ ಕೆಲಸದ ದಿನದ ಲೆಕ್ಕದಲ್ಲಿ ಅದು 30 ದಿನ! ಅಷ್ಟು ಹೊತ್ತನ್ನು ಬರೀ ರಸ್ತೆಯ ಮೇಲೆ ಕಳೆಯುತ್ತೀರಿ. ಬಾಡಿಗೆ ಕಡಿಮೆ ಇದ್ದರೆ ಅದು ಸರಿಹೋಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಸಮೀಕ್ಷೆಯೊಂದರ ಅಂಕಿಅಂಶ ಹಿಡಿದು ಇದನ್ನೇ ಪರೀಕ್ಷಿಸಿದರು. ದಾರಿ ಉದ್ದವಾದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಹೇಳಿಕೊಳ್ಳುವ ತೃಪ್ತಿ ಕಡಿಮೆಯಾಗುತ್ತಿತ್ತು. ಕಡಿಮೆ ಬಾಡಿಗೆಯಾಗಲಿ ಜಾಸ್ತಿ ಸಂಬಳವಾಗಲಿ ಆ ನಷ್ಟವನ್ನು ಪೂರ್ತಿ ತುಂಬಿಕೊಡುತ್ತಿರಲಿಲ್ಲ.

ಈ ಸಮಯವನ್ನು ಅಳೆಯುವುದರಲ್ಲೇ ತುಂಬಾ ಜನ ಎಡವುತ್ತಾರೆ. ಭಾನುವಾರ ಮಧ್ಯಾಹ್ನ ಮ್ಯಾಪ್ ತೆರೆದರೆ ಅದು 25 ನಿಮಿಷ ಅನ್ನುತ್ತದೆ. ಅದೇ ಮ್ಯಾಪಿನಲ್ಲಿ ಹೊರಡುವ ಹೊತ್ತು ಬದಲಾಯಿಸುವ ಅವಕಾಶ ಇದೆ. ಕೆಲಸದ ದಿನ, ನೀವು ನಿಜವಾಗಿ ಹೊರಡುವ ಹೊತ್ತು ಹಾಕಿ ನೋಡಿ. ಆಗ 40ರಿಂದ 75 ನಿಮಿಷ ಅಂತ ಒಂದು ಅಂದಾಜು ಕೊಟ್ಟರೆ, 75 ಅನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಏಕೆಂದರೆ ಮುಖ್ಯವಾದ ಮೀಟಿಂಗ್ ಅಥವಾ ಪರೀಕ್ಷೆ ಇರುವ ದಿನ ನೀವು 75ಕ್ಕೇ ತಯಾರಾಗಿ ಹೊರಡಬೇಕಾಗುತ್ತದೆ. ಮನೆ ಬಾಗಿಲಿಂದ ಕೆಲಸದ ಕುರ್ಚಿಯವರೆಗೆ ಪೂರ್ತಿ ಲೆಕ್ಕ ಹಾಕಿ. ಸ್ಟೇಷನ್ನಿಗೆ ನಡೆಯುವುದು, ಕಾಯುವುದು, ಇಳಿದ ಮೇಲೆ ಮತ್ತೆ ನಡೆಯುವುದು, ಲಿಫ್ಟಿಗೆ ನಿಲ್ಲುವುದು, ಎಲ್ಲ.

ಬಸ್ಸು ಅಥವಾ ರೈಲು ನಂಬಿಕೊಳ್ಳುವವರಾದರೆ ಸ್ಟಾಪ್ ಎಷ್ಟು ಹತ್ತಿರ ಅನ್ನುವುದರ ಜೊತೆಗೆ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ ಅಂತಲೂ ನೋಡಿ. ಹತ್ತು ನಿಮಿಷಕ್ಕೊಂದು ಇದ್ದರೆ ಸರಾಸರಿ ಐದು ನಿಮಿಷ ಕಾಯುತ್ತೀರಿ, ಸಮಯ ನೋಡದೇ ಹೊರಡಬಹುದು. ಅರ್ಧ ಗಂಟೆಗೊಂದು ಇದ್ದರೆ ಒಂದು ತಪ್ಪಿದರೆ ಅರ್ಧ ಗಂಟೆ ಹೋಯಿತು. ಅದರಲ್ಲೂ ನಡುವೆ ಒಮ್ಮೆ ಬದಲಾಯಿಸುವುದಿದ್ದರೆ ಕಷ್ಟ ಎರಡು ಪಟ್ಟು. ರಾತ್ರಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತಲೂ ಕೇಳಿಕೊಳ್ಳಿ.

ಆ ಏರಿಯಾದಿಂದ ಹೊರಬೀಳಲು ಎಷ್ಟು ದಾರಿ ಇದೆ ಅನ್ನುವುದನ್ನೂ ನೋಡಿ. ಒಂದೇ ಸೇತುವೆ, ಒಂದೇ ರೈಲ್ವೆ ಗೇಟು, ಒಂದೇ ಅಂಡರ್‌ಪಾಸ್ ದಾಟಿ ಬರಬೇಕಾದ ಬಡಾವಣೆ ಎಷ್ಟೇ ಚೆನ್ನಾಗಿದ್ದರೂ, ಅಲ್ಲೊಂದು ಲಾರಿ ಕೆಟ್ಟು ನಿಂತ ದಿನ ಎಲ್ಲರೂ ಒಳಗೇ ಸಿಕ್ಕಿಕೊಳ್ಳುತ್ತಾರೆ.

ಇನ್ನೊಂದು ಸಣ್ಣ ವಿಷಯ. ಕೆಲಸದ ಜಾಗದ ಪೂರ್ವಕ್ಕೆ ಮನೆ ಇದ್ದರೆ ಬೆಳಿಗ್ಗೆ ಪಶ್ಚಿಮಕ್ಕೆ ಹೋಗುತ್ತೀರಿ, ಸಂಜೆ ಪೂರ್ವಕ್ಕೆ ಬರುತ್ತೀರಿ, ಸೂರ್ಯ ಎರಡು ಸಲವೂ ಬೆನ್ನ ಹಿಂದೆ ಇರುತ್ತಾನೆ. ಪಶ್ಚಿಮಕ್ಕೆ ಮನೆ ಇದ್ದರೆ ಎರಡು ಹೊತ್ತೂ ಬಿಸಿಲು ನೇರ ಕಣ್ಣಿಗೆ. ಇದೊಂದಕ್ಕೇ ಏರಿಯಾ ಬದಲಾಯಿಸಬೇಕಿಲ್ಲ, ಆದರೆ ದಿನಾ ಗಾಡಿ ಓಡಿಸುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಡೆ ಕೆಲಸಕ್ಕೆ ಹೋಗುವವರಾದರೆ ಸರಿಯಾಗಿ ಮಧ್ಯದಲ್ಲಿ ಮನೆ ಮಾಡುವುದು ನ್ಯಾಯ ಅನ್ನಿಸುತ್ತದೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಇಬ್ಬರಿಗೂ ದೂರ ಆಗುವ ಬದಲು, ಯಾರ ಕೆಲಸದ ಹೊತ್ತು ಬಿಗಿಯಾಗಿದೆಯೋ, ಯಾರು ಮಗುವನ್ನು ಕರೆದುಕೊಂಡು ಬರಬೇಕೋ ಅವರಿಗೆ ಹತ್ತಿರ ಮಾಡಿ. ಮನೆಯಿಂದ ಕೆಲಸ ಮಾಡುವ ಅವಕಾಶ ಇರುವವರು ಸ್ವಲ್ಪ ದೂರ ತಡೆದುಕೊಳ್ಳಬಹುದು.

ಬಾಡಿಗೆ ಒಂದೇ ಖರ್ಚಲ್ಲ

ಮನೆಯ ಖರ್ಚು ಆದಾಯದ ಶೇ. 30 ದಾಟಬಾರದು ಅಂತ ಒಂದು ಹಳೆಯ ಲೆಕ್ಕ ಇದೆ. ಅದರಲ್ಲಿ ಓಡಾಟದ ಖರ್ಚು ಸೇರಿಲ್ಲ. ಷಿಕಾಗೋದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಅನ್ನುವ ಸಂಸ್ಥೆ ಎರಡನ್ನೂ ಸೇರಿಸಿ ನೋಡಿ ಅನ್ನುತ್ತದೆ, ಅವರ ಮಿತಿ ಶೇ. 45. ಊರ ಹೊರಗೆ ಬಾಡಿಗೆ ಕಡಿಮೆ ಇರಬಹುದು, ಆದರೆ ಅಲ್ಲಿಗೆ ಹೋದ ಮೇಲೆ ಇನ್ನೊಂದು ಗಾಡಿ ಬೇಕಾದರೆ, ಅದರ ಕಂತು, ಇಂಧನ, ವಿಮೆ, ರಿಪೇರಿ ಎಲ್ಲ ಸೇರಿಸಿ ನೋಡಿ. ಎಷ್ಟೋ ಸಲ ಉಳಿತಾಯ ಅಂದುಕೊಂಡದ್ದು ಅಲ್ಲೇ ಕರಗಿಹೋಗಿರುತ್ತದೆ.

ನೀರು, ಸದ್ದು, ಗಾಳಿ

ತಗ್ಗಿನ ಜಾಗ ಯಾವುದು ಅಂತ ಬಿಸಿಲಿನ ದಿನ ಕಣ್ಣಿಗೆ ಕಾಣುವುದಿಲ್ಲ. ಕಾಂಪೌಂಡ್ ಗೋಡೆಗಳ ಮೇಲೆ ಒಂದೇ ಎತ್ತರದಲ್ಲಿ ಕೆಸರಿನ ಕಲೆ ಇದೆಯಾ, ಅಂಗಡಿಗಳ ಮುಂದೆ ಹೊಸದಾಗಿ ಕಟ್ಟೆ ಎತ್ತರಿಸಿದ್ದಾರಾ, ಬಾಗಿಲ ಬಳಿ ಮರಳು ಚೀಲ ಇಟ್ಟಿದ್ದಾರಾ ಅಂತ ನೋಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡಬಹುದು. ಈಗ ಮನೆಗಳಿರುವ ಜಾಗದಲ್ಲಿ ಹಿಂದೆ ಕೆರೆಯೋ ಹಳ್ಳವೋ ಇತ್ತಾ ಅಂತ ಅದರಲ್ಲಿ ಗೊತ್ತಾಗುತ್ತದೆ. ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಅನ್ನುವ ಮಾತು ಕೇಳಿ ಸುಮ್ನೆ ಧೈರ್ಯ ತಂದುಕೊಳ್ಳಬೇಡಿ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ ಇದೆ ಅಂತ. 30 ವರ್ಷದ ಸಾಲ ತೆಗೆದುಕೊಂಡು ಮನೆ ಕೊಂಡರೆ, ಆ ಅವಧಿಯಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಸುಮಾರು ಶೇ. 26. ನಾಲ್ಕರಲ್ಲಿ ಒಂದು ಪಾಲು! ಬಾಡಿಗೆಗಾದರೂ ತಗ್ಗಿನ ನೆಲಮಹಡಿ ನಾನಂತೂ ಬೇಡ ಅನ್ನುತ್ತೇನೆ.

ಸದ್ದಿನ ವಿಷಯ ಹಗಲು ಮನೆ ನೋಡಿ ಬಂದವರಿಗೆ ಗೊತ್ತೇ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲಿ ರಸ್ತೆ ಸದ್ದು ರಾತ್ರಿ ಹೊತ್ತು ಸರಾಸರಿ 45 ಡೆಸಿಬೆಲ್ ಮೀರಬಾರದು ಅಂದಿದೆ. ಮೊಬೈಲಿನ ಸದ್ದು ಅಳೆಯುವ ಆ್ಯಪ್ ಅಷ್ಟು ಕರಾರುವಾಕ್ಕಲ್ಲ, ಆದರೆ ಎರಡು ಜಾಗಗಳನ್ನು ಹೋಲಿಸಲು ಸಾಕು. ಹತ್ತು ಡೆಸಿಬೆಲ್ ಹೆಚ್ಚಾದರೆ ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ, ಹಾಗಾಗಿ ಬರೀ ಹತ್ತು ತಾನೇ ಅಂತ ಬಿಡಬೇಡಿ. ಮಲಗುವ ಕೋಣೆಯ ಕಿಟಕಿ ತೆರೆದು ಐದು ನಿಮಿಷ ಮಾತಾಡದೆ ನಿಲ್ಲಿ.

ಗಾಳಿಗೂ ಇದೇ ಮಾತು. ಇಡೀ ಊರಿನ ಗಾಳಿ ನಮ್ಮ ಕೈಯಲ್ಲಿಲ್ಲ, ಆದರೆ ದೊಡ್ಡ ರಸ್ತೆಯ ಪಕ್ಕದ ಹೊಗೆ ಇನ್ನೂರು ಮುನ್ನೂರು ಮೀಟರ್ ಒಳಗೆ ಹೋಗುವಷ್ಟರಲ್ಲಿ ಸಾಕಷ್ಟು ಕಡಿಮೆಯಾಗುತ್ತದೆ. ಮೇನ್ ರೋಡಿನ ಮೇಲೇ ಇರುವ ಮನೆಗಿಂತ ಎರಡು ಮೂರು ಬೀದಿ ಒಳಗಿರುವ ಮನೆ ಹುಡುಕಿ, ಬಸ್ಸಿಗೆ ನಾಲ್ಕು ನಿಮಿಷ ಜಾಸ್ತಿ ನಡೆದರೂ ಪರವಾಗಿಲ್ಲ. ಮಕ್ಕಳು, ಉಸಿರಾಟದ ತೊಂದರೆ ಇರುವವರು ಮನೆಯಲ್ಲಿದ್ದರೆ ಇದರಲ್ಲಿ ರಾಜಿ ಬೇಡ.

ಕಾಲ್ನಡಿಗೆಗೆ ಏನು ಸಿಗುತ್ತದೆ

ಐದು ನಿಮಿಷ ನಡೆದರೆ ಸುಮಾರು 400 ಮೀಟರ್ ಆಗುತ್ತದೆ. ಪ್ಯಾರಿಸ್ಸಿನ ಪ್ರೊಫೆಸರ್ ಕಾರ್ಲೋಸ್ ಮೊರೆನೋ 2016ರಲ್ಲಿ 15 ನಿಮಿಷದ ನಗರ ಅನ್ನುವ ಯೋಚನೆ ಮುಂದಿಟ್ಟರು. ದಿನಾ ಬೇಕಾದದ್ದೆಲ್ಲ ನಡೆದೋ ಸೈಕಲ್ ತುಳಿದೋ ಕಾಲು ಗಂಟೆಯಲ್ಲಿ ಸಿಗಬೇಕು ಅಂತ. ಪೂರ್ತಿ ಹಾಗಿರುವ ಏರಿಯಾ ಸಿಗುವುದು ಕಷ್ಟ, ಆದರೂ ದಿನಸಿ, ತರಕಾರಿ, ಔಷಧಿ, ಬಸ್ ಸ್ಟಾಪ್, ಒಂದು ಪಾರ್ಕು ಇಷ್ಟಾದರೂ ಆ ದೂರದಲ್ಲಿ ಇರಲಿ. ಮ್ಯಾಪಿನಲ್ಲಿ ಹತ್ತಿರ ಕಂಡದ್ದು ನಡೆಯಲು ಹತ್ತಿರ ಅಂತ ನಂಬಬೇಡಿ, ನಡುವೆ ಹೆದ್ದಾರಿಯೋ ರೈಲು ಹಳಿಯೋ ಬಂದರೆ ಸುತ್ತಿಕೊಂಡು ಹೋಗಬೇಕು. ಹಸಿರಿಗೆ 3-30-300 ಅನ್ನುವ ಅಳತೆ ನನಗೆ ಇಷ್ಟ. 2021ರಲ್ಲಿ ನಗರದ ಮರಗಳ ತಜ್ಞ ಸೆಸಿಲ್ ಕೊನೈನೆಂಡೈಕ್ ಹೇಳಿದ್ದು. ಮನೆಯಿಂದ 3 ಮರ ಕಾಣಬೇಕು, ಏರಿಯಾದ ಶೇ. 30 ಭಾಗಕ್ಕೆ ಮರಗಳ ನೆರಳಿರಬೇಕು, 300 ಮೀಟರ್ ಒಳಗೆ ಪಾರ್ಕು ಇರಬೇಕು.

ಸುರಕ್ಷತೆಯನ್ನು ಎತ್ತರದ ಗೋಡೆ, ಕ್ಯಾಮೆರಾ ನೋಡಿ ಅಳೆಯಬೇಡಿ. ಉದ್ದಕ್ಕೂ ಖಾಲಿ ಕಾಂಪೌಂಡ್ ಗೋಡೆಯೇ ಇರುವ ರಸ್ತೆಗಿಂತ, ಕಿಟಕಿಗಳು ಬೀದಿಗೆ ತೆರೆದುಕೊಂಡಿರುವ, ರಾತ್ರಿಯೂ ಒಂದೆರಡು ಅಂಗಡಿ ತೆರೆದಿರುವ ರಸ್ತೆ ವಾಸಿ. ರಾತ್ರಿ ಒಂಬತ್ತಕ್ಕೆ ಅಲ್ಲಿ ಹೆಂಗಸರು ಒಬ್ಬರೇ ನಿಧಾನವಾಗಿ ನಡೆದು ಹೋಗುತ್ತಿದ್ದಾರಾ ನೋಡಿ. ಅಲ್ಲಿ ವಾಸ ಮಾಡುವ ಹೆಂಗಸರನ್ನೇ ಕೇಳಿ, ಅವರ ಉತ್ತರದ ಮುಂದೆ ಬೇರೆಯವರ ಮಾತು ಲೆಕ್ಕಕ್ಕಿಲ್ಲ.

ಹೋಗಿ ನೋಡುವುದು ಹೇಗೆ

ಮೇಲಿನದ್ದೆಲ್ಲ ಆದ ಮೇಲೆ ಎರಡೋ ಮೂರೋ ಏರಿಯಾ ಉಳಿಯುತ್ತವೆ. ಈಗ ಅಲ್ಲಿಗೆ ಹೋಗಿ, ಆದರೆ ಮನೆ ನೋಡಲು ಅಲ್ಲ. ಕೆಲಸದ ದಿನ ಬೆಳಿಗ್ಗೆ ಅಲ್ಲಿಂದ ನಿಮ್ಮ ಆಫೀಸಿಗೆ ನಿಜವಾಗಿಯೂ ಹೊರಟು ನೋಡಿ. ಇನ್ನೊಂದು ದಿನ ಕತ್ತಲಾದ ಮೇಲೆ ಬಸ್ಸಿಳಿದು ಭಾರದ ಚೀಲ ಹೊತ್ತುಕೊಂಡು ಒಳಗಿನ ಬೀದಿಗಳವರೆಗೆ ನಡೆಯಿರಿ. ಫುಟ್‌ಪಾತ್ ಎಲ್ಲಿ ಮುರಿದಿದೆ, ಬೀದಿ ದೀಪ ಎಲ್ಲಿ ಉರಿಯುತ್ತಿಲ್ಲ, ನಾಯಿಗಳು ಎಲ್ಲಿ ಗುಂಪುಗೂಡುತ್ತವೆ ಎಲ್ಲ ಆಗ ತಾನಾಗೇ ಗೊತ್ತಾಗುತ್ತದೆ. ಮಳೆ ನಿಂತ ತಕ್ಷಣ ಒಮ್ಮೆ ಹೋಗಲು ಸಾಧ್ಯವಾದರೆ ಅದನ್ನು ಮಾತ್ರ ಬಿಡಬೇಡಿ. ವಾರದ ರಜೆಯ ದಿನವೂ ಒಂದು ಸುತ್ತು ಹಾಕಿ, ಕೆಲವು ಬೀದಿಗಳು ಆ ದಿನ ಬೇರೆಯೇ ಆಗಿಬಿಡುತ್ತವೆ.

ಜನರನ್ನು ಮಾತಾಡಿಸಿ. ಅಂಗಡಿಯವರು, ಕಾವಲಿನವರು, ಪಾರ್ಕಿನಲ್ಲಿ ಕೂತ ಹಿರಿಯರು, ಮಗುವನ್ನು ಆಡಿಸುತ್ತಿರುವ ತಾಯಂದಿರು, ಇವರಿಗೆ ನಿಮ್ಮಿಂದ ಏನೂ ಆಗಬೇಕಿಲ್ಲ, ಅದಕ್ಕೇ ನಿಜ ಹೇಳುತ್ತಾರೆ. ಏರಿಯಾ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಾರೆ, ಅಷ್ಟೇ. ಹೋದ ಮಳೆಗಾಲದಲ್ಲಿ ನೀರು ಎಲ್ಲಿ ನಿಂತಿತ್ತು, ಕಳೆದ ತಿಂಗಳು ಕರೆಂಟು ಎಷ್ಟು ಸಲ ಹೋಯಿತು, ನೀರು ದಿನಾ ಬರುತ್ತಾ, ಕಸದ ಗಾಡಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಇಲ್ಲಿಂದ ಖಾಲಿ ಮಾಡಿ ಹೋದವರು ಯಾಕೆ ಹೋದರು ಅಂತ ಕೇಳಿ.

ಮುಂದೆ ಬರಲಿದೆ ಅನ್ನುವ ಮಾತುಗಳ ಬಗ್ಗೆ ಒಂದು ಕಿವಿಮಾತು. ಹೊಸ ರೈಲು ಮಾರ್ಗ, ಹೊಸ ಮೇಲ್ಸೇತುವೆ, ಹೊಸ ಆಸ್ಪತ್ರೆ ಬರುತ್ತದೆ ಅಂತ ಬಾಡಿಗೆ, ಬೆಲೆ ಎರಡೂ ಏರಿಸಿರುತ್ತಾರೆ. ಇವತ್ತು ಓಡುತ್ತಿರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಪಕ್ಕದ ಖಾಲಿ ಜಾಗ ಹಾಗೇ ಖಾಲಿ ಇರುತ್ತದೆ ಅಂತಲೂ ನಂಬಬೇಡಿ, ಅಲ್ಲಿ ಏನು ಕಟ್ಟಬಹುದು ಅಂತ ನಗರ ಯೋಜನೆಯ ನಕ್ಷೆಯಲ್ಲಿ ನೋಡಿಕೊಳ್ಳಿ. ಕೊಂಡುಕೊಳ್ಳುವ ಯೋಚನೆ ಇದ್ದರಂತೂ ಮೊದಲು ಅದೇ ಏರಿಯಾದಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ, ಎಲ್ಲ ಕಾಲವೂ ಕಣ್ಣ ಮುಂದೆ ಹಾದುಹೋಗಲಿ.

ಏರಿಯಾ ಗಟ್ಟಿಯಾದ ಮೇಲೆ ಮ್ಯಾಪಿನಲ್ಲಿ ಅದರ ಸುತ್ತ ಒಂದು ಗೆರೆ ಎಳೆದುಕೊಂಡು ಆಮೇಲೆ ಮನೆ ಹುಡುಕಲು ಶುರು ಮಾಡಿ. ಬ್ರೋಕರ್ ಗೆರೆಯ ಹೊರಗಿನ ಮನೆ ತೋರಿಸುತ್ತೇನೆ ಬನ್ನಿ, ಬರೀ ಹತ್ತು ನಿಮಿಷ ಆಚೆ ಅಂತ ಕರೆದರೆ ಹೋಗಬೇಡಿ. ತೀರಾ ಹೋಗಲೇಬೇಕು ಅನ್ನಿಸಿದರೆ ಕೆಲಸದ ದಿನ ಬೆಳಿಗ್ಗೆ, ನೀವು ಆಫೀಸಿಗೆ ಹೊರಡುವ ಹೊತ್ತಿಗೇ ಹೋಗಿ ನೋಡುತ್ತೇನೆ ಅನ್ನಿ.