ಪಿಕಪ್‌ಗೆ ಟ್ರೇಲರ್: ಘಟ್ಟ ಇಳಿಯುವುದನ್ನು ಲೆಕ್ಕ ಹಾಕಿ ಆರಿಸಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡ ಹಲವರು ತಮ್ಮ ಗದ್ದೆ, ತೋಟದ ಕೆಲಸ ಮುಗಿಸಿಕೊಂಡು ಬೇರೆಯವರ ಉಳುಮೆಗೂ ಹೋಗುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಘಟ್ಟದ ಕೆಳಗೆ ಕುಮಟಾ, ಅಂಕೋಲಾ ಭಾಗದಿಂದಲೂ ಕರೆ ಬರುತ್ತದೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ದಾರಿ. ಗಂಟೆಗೆ 20–25 ಕಿ.ಮೀ. ವೇಗದ ಟ್ರ್ಯಾಕ್ಟರನ್ನು ಅಷ್ಟು ದೂರ ಓಡಿಸಿಕೊಂಡು ಹೋಗಿಬಂದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ, ಕೆಸರಿಗೆಂದು ಮಾಡಿದ ಟೈರಿನ ಹಲ್ಲುಗಳು ಡಾಂಬರಿನ ಮೇಲೆ ಬೇಗನೆ ಸವೆಯುತ್ತವೆ. ಹೀಗಾಗಿ ಮನೆಯಲ್ಲಿರುವ ಪಿಕಪ್‌ಗೆ ಒಂದು ಟ್ರೇಲರ್ ಜೋಡಿಸಿ ಅದರ ಮೇಲೆ ಟ್ರ್ಯಾಕ್ಟರ್ ಹೇರಿಕೊಂಡು ಹೋಗುವ ಆಲೋಚನೆ ಸಹಜವಾಗಿಯೇ ಬರುತ್ತದೆ. ಆಲೋಚನೆಯೇನೋ ಒಳ್ಳೆಯದು. ಆದರೆ ಟ್ರೇಲರ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ನನ್ನ ಗಾಡಿ ಇದನ್ನು ಎಳೆಯುತ್ತದೆಯೇ’ ಎಂದು. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಯಿಂದ ದೇವಿಮನೆ ಘಟ್ಟದ ತಿರುವುಗಳಲ್ಲಿ ಕೆಳಗಿಳಿಯಬೇಕಾದವರು ಮೊದಲು ಕೇಳಬೇಕಾದ ಪ್ರಶ್ನೆ, ‘ಇದನ್ನು ನಿಲ್ಲಿಸುವುದು ಯಾವುದು’ ಎಂಬುದು. ಅರಬೈಲ್ ಘಟ್ಟಕ್ಕೂ ಅಣಶಿ ಘಟ್ಟಕ್ಕೂ ಇದೇ ಮಾತು ಸಲ್ಲುತ್ತದೆ.

ಮೊದಲ ಹೆಜ್ಜೆ: ನಿಜವಾದ ತೂಕ

ಕಂಪನಿಯ ಕರಪತ್ರದಲ್ಲಿ ಬರೆದಿರುವ ತೂಕ ಬರಿಯ ಟ್ರ್ಯಾಕ್ಟರಿನದು. ನಮ್ಮಲ್ಲಿ ಬಳಕೆಯಲ್ಲಿರುವ ಮಿನಿ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ 600ರಿಂದ 900 ಕೆ.ಜಿ. ತೂಗುತ್ತವೆ, 35ರಿಂದ 50 ಅಶ್ವಶಕ್ತಿಯ ದೊಡ್ಡ ಟ್ರ್ಯಾಕ್ಟರುಗಳು 1,700ರಿಂದ 2,200 ಕೆ.ಜಿ. ತೂಗುತ್ತವೆ. ಇದಕ್ಕೆ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ರೋಟವೇಟರ್, ಕೆಸರು ಗದ್ದೆಯ ಕಬ್ಬಿಣದ ಚಕ್ರ, ಟ್ಯಾಂಕಿನ ಡೀಸೆಲ್, ಸಾಮಾನಿನ ಪೆಟ್ಟಿಗೆ ಎಲ್ಲವನ್ನೂ ಸೇರಿಸಬೇಕು. ಹಿಡಿತ ಹೆಚ್ಚಲಿ ಎಂದು ದೊಡ್ಡ ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ನೀರು ತುಂಬಿಸಿದ್ದರೆ ಒಂದೊಂದು ಟೈರಿನಲ್ಲಿಯೇ ನೂರೈವತ್ತರಿಂದ ಇನ್ನೂರು ಕೆ.ಜಿ. ಅಡಗಿರುತ್ತದೆ, ಅದು ಯಾವ ಕಾಗದದಲ್ಲೂ ಕಾಣುವುದಿಲ್ಲ. ಲೆಕ್ಕಾಚಾರಕ್ಕಿಂತ ಸುಲಭವಾದ ದಾರಿಯೆಂದರೆ, ಕೆಲಸಕ್ಕೆ ಹೋಗುವಾಗ ಇರುವ ಎಲ್ಲ ಸಲಕರಣೆಯ ಸಮೇತ ಟ್ರ್ಯಾಕ್ಟರನ್ನು ಹತ್ತಿರದ ವೇ ಬ್ರಿಜ್‌ಗೆ ಒಯ್ದು ತೂಗಿಸಿ ಚೀಟಿ ಪಡೆಯುವುದು.

ಉದಾಹರಣೆಗೆ, 750 ಕೆ.ಜಿ.ಯ ಮಿನಿ ಟ್ರ್ಯಾಕ್ಟರ್, 200 ಕೆ.ಜಿ.ಯ ಚಿಕ್ಕ ರೋಟವೇಟರ್, ಕಬ್ಬಿಣದ ಚಕ್ರ ಮತ್ತು ಚಿಲ್ಲರೆ ಸಾಮಾನು 110 ಕೆ.ಜಿ. ಎಂದುಕೊಂಡರೆ ಹೊರೆ 1,060 ಕೆ.ಜಿ. ಆಯಿತು. ಟ್ರೇಲರಿನ ಸ್ವಂತ ತೂಕ 450 ಕೆ.ಜಿ. ಹಿಡಿದರೆ ಒಟ್ಟು 1,510 ಕೆ.ಜಿ. ಇದಕ್ಕೆ ಸುಮಾರು ಐದನೆಯ ಒಂದು ಭಾಗ ಹೆಚ್ಚುವರಿ ಸಾಮರ್ಥ್ಯ ಇಟ್ಟುಕೊಂಡು, ಒಟ್ಟು 1,800 ಕೆ.ಜಿ.ಗೆ ತಯಾರಾದ ಟ್ರೇಲರನ್ನು ಹುಡುಕಬೇಕು. ಇದೇ ಲೆಕ್ಕವನ್ನು 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಹಾಕಿ ನೋಡಿದರೆ ಟ್ರೇಲರ್ ಸೇರಿ 3,300 ಕೆ.ಜಿ. ಸುಲಭವಾಗಿ ದಾಟುತ್ತದೆ. ಎಂದರೆ ಹಿಂದೆ ಬರುವ ಹೊರೆ, ಎಳೆಯುವ ಸಾಮಾನ್ಯ ಪಿಕಪ್‌ನ ಸ್ವಂತ ತೂಕದ ಹೆಚ್ಚುಕಡಿಮೆ ಎರಡರಷ್ಟಾಯಿತು. ಘಟ್ಟದ ರಸ್ತೆಗೆ ಇಂಥ ಜೋಡಿ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಟ್ರ್ಯಾಕ್ಟರನ್ನು ಸಾಗಿಸಲು ಲಾರಿಯನ್ನು ಬಾಡಿಗೆಗೆ ಹಿಡಿಯುವುದು, ಇಲ್ಲವೇ ಹೋಗುವ ಊರಿನಲ್ಲಿಯೇ ಕೃಷಿ ಯಂತ್ರಧಾರೆ ಕೇಂದ್ರದ ಯಂತ್ರ ಸಿಗುತ್ತದೆಯೇ ಎಂದು ವಿಚಾರಿಸುವುದು ಮೇಲು.

ಎರಡನೆಯ ಹೆಜ್ಜೆ: ಪಿಕಪ್‌ನ ಮಿತಿ

ಪಿಕಪ್ ಹೊರುವ ತೂಕ ಬೇರೆ, ಎಳೆಯುವ ತೂಕ ಬೇರೆ. 1.3 ಟನ್ ಅಥವಾ 1.7 ಟನ್ ಎಂದು ಹೆಸರಿನೊಂದಿಗೇ ಬರುವ ಅಂಕಿ ಹಿಂದಿನ ತೊಟ್ಟಿಯಲ್ಲಿ ಹೇರಬಹುದಾದ ಸಾಮಾನಿನದು. ಅಷ್ಟನ್ನೇ ಟ್ರೇಲರಿನಲ್ಲಿ ಎಳೆಯಬಹುದೆಂದು ಅದರ ಅರ್ಥವಲ್ಲ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಎಳೆಯುವ ಸಾಮರ್ಥ್ಯವನ್ನು ಬ್ರೇಕ್ ಇರುವ ಟ್ರೇಲರಿಗೆ ಇಷ್ಟು, ಇಲ್ಲದ್ದಕ್ಕೆ ಇಷ್ಟು ಎಂದು ಬೇರೆ ಬೇರೆಯಾಗಿ ಕೊಟ್ಟಿರಬೇಕು. ಪುಸ್ತಕದಲ್ಲಿ ಅದು ಇಲ್ಲದಿದ್ದರೆ ಶೋರೂಮಿನವರ ಬಾಯಿಮಾತನ್ನು ನೆಚ್ಚಿಕೊಳ್ಳದೆ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಬೇಕು, ಉತ್ತರ ಬರುವವರೆಗೆ ಟ್ರೇಲರಿಗೆ ಮುಂಗಡ ಕೊಡಬಾರದು.

ಟ್ರೇಲರಿನ ಮೂತಿ ಪಿಕಪ್‌ನ ಕೊಕ್ಕೆಯ ಮೇಲೆ ಹಾಕುವ ಭಾರವೂ ಪಿಕಪ್ ಹೊರುವ ಹೊರೆಯ ಲೆಕ್ಕಕ್ಕೇ ಸೇರುತ್ತದೆ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮೂತಿಯ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರಿನ ಬಾಲ ಅತ್ತಿತ್ತ ಓಲಾಡತೊಡಗುತ್ತದೆ, ಇಳಿಜಾರಿನಲ್ಲಿ ಆ ಓಲಾಟ ಒಮ್ಮೆ ಹಿಡಿದರೆ ಪಿಕಪ್‌ನ ಹಿಂಭಾಗವನ್ನೇ ರಸ್ತೆಯಿಂದಾಚೆ ಎಳೆಯಬಲ್ಲದು. ಹೆಚ್ಚಾದರೆ ಪಿಕಪ್ ಹಿಂದೆ ಕುಸಿದು, ಮುಂದಿನ ಚಕ್ರಗಳ ಮೇಲಿನ ಭಾರ ತಗ್ಗಿ, ಸ್ಟಿಯರಿಂಗ್ ಮತ್ತು ಬ್ರೇಕ್ ಎರಡರ ಹಿಡಿತವೂ ಸಡಿಲವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮೂತಿಯ ಭಾರ ಸುಮಾರು 150ರಿಂದ 225 ಕೆ.ಜಿ. ಆಗುತ್ತದೆ. ಅಷ್ಟನ್ನು ಕಳೆದು ಉಳಿದ ಸಾಮರ್ಥ್ಯದಲ್ಲಿಯೇ ಪಿಕಪ್‌ನಲ್ಲಿ ಜನ, ಗೊಬ್ಬರ, ಡೀಸೆಲ್ ಕ್ಯಾನು ಎಲ್ಲವೂ ಹಿಡಿಯಬೇಕು. ಕೊಕ್ಕೆಯನ್ನು ಬಂಪರಿಗೆ ಬೆಸೆಯದೆ ಚಾಸಿಸ್ಸಿನ ಎರಡೂ ತೊಲೆಗಳಿಗೆ ಬೋಲ್ಟು ಹಾಕಿ ಬಿಗಿದಿರಬೇಕು. ಕೊಕ್ಕೆಯ ಗುಂಡು ಮತ್ತು ಅದನ್ನು ಕವಿಯುವ ಟ್ರೇಲರಿನ ಬಟ್ಟಲು ಒಂದೇ ಅಳತೆಯವೇ ಎಂಬುದನ್ನು ಕೊರೆದ ಅಂಕಿ ಓದಿ ಖಚಿತಪಡಿಸಿಕೊಳ್ಳಬೇಕು. 50 ಮಿ.ಮೀ. ಮತ್ತು ಎರಡು ಇಂಚು ಒಂದೇ ಎನ್ನುವವರಿದ್ದಾರೆ. ಎರಡು ಇಂಚೆಂದರೆ 50.8 ಮಿ.ಮೀ., ಆ ಕೂದಲೆಳೆಯ ವ್ಯತ್ಯಾಸದಿಂದ ಬಟ್ಟಲು ಒಂದೋ ಪೂರ್ತಿ ಕೂರುವುದಿಲ್ಲ, ಇಲ್ಲವೇ ಕುಲುಕಾಟದಲ್ಲಿ ಸವೆದು ಸಡಿಲಗೊಳ್ಳುತ್ತದೆ.

ಟ್ರ್ಯಾಕ್ಟರಿಗೆ ಕಟ್ಟುವ ಹಳೆಯ ಟ್ರೇಲರನ್ನೇ ಪಿಕಪ್‌ಗೆ ಜೋಡಿಸಿದರಾಯಿತಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದರ ಪಿನ್ನಿನ ಜೋಡಣೆಯಲ್ಲಿ ಸಡಿಲು ಹೆಚ್ಚು, ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ, ಅದನ್ನು ಕಟ್ಟಿರುವುದು ಟ್ರ್ಯಾಕ್ಟರಿನ ನಿಧಾನ ವೇಗಕ್ಕೆ. ಗಂಟೆಗೆ 40–50 ಕಿ.ಮೀ. ವೇಗದ ಪಿಕಪ್‌ನ ಹಿಂದೆ ಅದನ್ನು ಕಟ್ಟಬಾರದು.

ಮೂರನೆಯ ಹೆಜ್ಜೆ: ಬ್ರೇಕ್

ಯುರೋಪಿನ ನಿಯಮಗಳಲ್ಲಿ ಒಟ್ಟು ತೂಕ 750 ಕೆ.ಜಿ. ಮೀರುವ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ನಮ್ಮ ಘಟ್ಟಗಳಿಗೆ ಆ ಮಿತಿಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದು. ಟ್ರ್ಯಾಕ್ಟರ್ ಹೇರಿದ ಯಾವ ಟ್ರೇಲರೂ ಆ ಮಿತಿಯೊಳಗೆ ಉಳಿಯುವುದಿಲ್ಲವಾದ್ದರಿಂದ, ಬ್ರೇಕ್ ಇಲ್ಲದ ಟ್ರೇಲರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡವೆನ್ನಬೇಕು.

ಪಿಕಪ್‌ಗಳಿಗೆ ಹೊಂದುವುದು ಓವರ್‌ರನ್ ಬ್ರೇಕ್. ಮುಂದಿನ ಗಾಡಿ ವೇಗ ತಗ್ಗಿಸಿದಾಗ ಹಿಂದಿನ ಟ್ರೇಲರ್ ತನ್ನದೇ ಓಟದಿಂದ ಮುಂದಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಮೂತಿಯಲ್ಲಿರುವ ದಂಡ ಒಳಸರಿದು, ಸರಳು ಅಥವಾ ಕೇಬಲ್ಲಿನ ಮೂಲಕ ಟ್ರೇಲರಿನ ಡ್ರಮ್ಮಿನೊಳಗಿನ ಬ್ರೇಕ್ ಹಿಡಿಯುತ್ತದೆ. ಇದಕ್ಕೆ ಪಿಕಪ್‌ನ ಬ್ರೇಕ್ ಪೈಪಿಗಾಗಲಿ ವಯರಿಂಗಿಗಾಗಲಿ ಕೈಹಚ್ಚಬೇಕಾಗಿಲ್ಲ. ವಿದ್ಯುತ್ ಬ್ರೇಕಿನ ಟ್ರೇಲರಿಗೆ ಡ್ಯಾಶ್‌ಬೋರ್ಡಿನಲ್ಲಿ ಪ್ರತ್ಯೇಕ ನಿಯಂತ್ರಕ ಕೂಡಿಸಬೇಕು, ನಮ್ಮಲ್ಲಿ ಅದರ ಬಿಡಿಭಾಗ ಸುಲಭವಾಗಿ ಸಿಗುವುದಿಲ್ಲ.

ಓವರ್‌ರನ್ ಬ್ರೇಕಿನ ಒಂದು ಸ್ವಭಾವವನ್ನು ಘಟ್ಟದವರು ಅರಿತಿರಬೇಕು. ಉದ್ದನೆಯ ಇಳಿಜಾರಿನಲ್ಲಿ ಪಿಕಪ್ಪನ್ನು ಗೇರಿನ ಮೇಲೆ ತಡೆದು ಇಳಿಸುವಾಗ ಟ್ರೇಲರ್ ಒತ್ತುತ್ತಲೇ ಇರುವುದರಿಂದ ಅದರ ಬ್ರೇಕ್ ಸ್ವಲ್ಪ ಸ್ವಲ್ಪ ಹಿಡಿದುಕೊಂಡೇ ಇರುತ್ತದೆ. ಚಿಕ್ಕ ಡ್ರಮ್ಮುಗಳು ಘಟ್ಟದ ಅರ್ಧಕ್ಕೇ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದ್ದರಿಂದ ಎರಡು ಆಕ್ಸಲ್ ಇರುವ ಟ್ರೇಲರಾದರೆ ನಾಲ್ಕೂ ಚಕ್ರಗಳಿಗೆ ಬ್ರೇಕ್ ಇರುವಂಥದ್ದನ್ನು, ಒಂದೇ ಆಕ್ಸಲ್ ಆದರೆ ಆ ತೂಕಕ್ಕೆ ಸಿಗುವುದರಲ್ಲಿ ದೊಡ್ಡ ಡ್ರಮ್ಮಿನದನ್ನು ಆರಿಸಬೇಕು. ಹಿಮ್ಮುಖ ಚಲಿಸುವಾಗ ಬ್ರೇಕ್ ಹಿಡಿಯದಂತೆ ತಡೆಯುವ ವ್ಯವಸ್ಥೆ, ನಿಲುಗಡೆಯ ಕೈಬ್ರೇಕ್, ಮತ್ತು ಕೊಕ್ಕೆ ಅಕಸ್ಮಾತ್ ಕಳಚಿದರೆ ಕೈಬ್ರೇಕನ್ನು ತಾನೇ ಎಳೆಯುವ ತಂತಿ ಇರಲೇಬೇಕು. ಇವುಗಳ ಜೊತೆಗೆ ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಎರಡು ಸರಪಳಿ ಕಟ್ಟಬೇಕು. ಮೂತಿ ಕಳಚಿದರೂ ಅದು ರಸ್ತೆಗೆ ಚುಚ್ಚದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ಹಾಸು, ಏಣಿ, ಚಕ್ರ

ಟ್ರೇಲರಿನ ಅಗಲವನ್ನು ಅಳೆಯುವ ಮೊದಲು ಮನೆಯ ದಣಪೆಯ ಬಾಯಿ, ಗದ್ದೆಗೆ ಇಳಿಯುವ ದಾರಿಯ ಮೋರಿ, ತೋಟದ ಅಂಚಿನ ತಿರುವು ಇವುಗಳನ್ನು ಟೇಪಿನಿಂದ ಅಳೆದು ಬರೆದುಕೊಳ್ಳಬೇಕು. ಕಾನೂನಿನ ಪ್ರಕಾರ ವಾಹನದ ಅಗಲ 2.6 ಮೀಟರಿನವರೆಗೆ ಇರಬಹುದಾದರೂ ನಮ್ಮ ಹಳ್ಳಿ ದಾರಿಗಳ ಮಿತಿ ಅದಕ್ಕಿಂತ ಮೊದಲೇ ಮುಗಿಯುತ್ತದೆ. ಮಿನಿ ಟ್ರ್ಯಾಕ್ಟರಿಗೆ ಎರಡು ಚಕ್ರಗಳ ನಡುವೆ ತಗ್ಗಿನಲ್ಲಿ ಕೂರುವ ಹಾಸು (ಟ್ರ್ಯಾಕ್ಟರ್ ನಿಲ್ಲುವ ತಳ) ಸಾಕು. ಚಕ್ರದ ಮೇಲೆ ಕೂರುವ ಎತ್ತರದ ಹಾಸಿನಿಂದ ಭಾರ ಮೇಲೇರಿ ತಿರುವಿನಲ್ಲಿ ವಾಲಾಟ ಹೆಚ್ಚುತ್ತದೆ.

ಹತ್ತಿಸುವ ಏಣಿ ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಹಾಸು ನೆಲದಿಂದ 60 ಸೆಂ.ಮೀ. ಎತ್ತರವಿದ್ದು ಏಣಿ 1.8 ಮೀಟರ್ ಉದ್ದವಿದ್ದರೆ ಇಳಿಜಾರು 19 ಡಿಗ್ರಿ ದಾಟುತ್ತದೆ, 2.4 ಮೀಟರ್ ಏಣಿಯಲ್ಲಿ ಅದು 15 ಡಿಗ್ರಿಯೊಳಗೆ ಬರುತ್ತದೆ. ಹಿಂದೆ ರೋಟವೇಟರ್ ತೂಗಿಕೊಂಡ ಟ್ರ್ಯಾಕ್ಟರ್ ಕಡಿದಾದ ಏಣಿಯನ್ನು ಮುಂಭಾಗದಿಂದ ಏರಿದರೆ ಅದರ ಮುಂದಿನ ಚಕ್ರಗಳು ಮೇಲೆದ್ದು ಹಿಂದಕ್ಕೆ ಮಗುಚಬಹುದು. ಹತ್ತಿಸುವಾಗ ಇನ್ನೊಂದು ಸಂಗತಿ ನಡೆಯುತ್ತದೆ: ಟ್ರ್ಯಾಕ್ಟರಿನ ಭಾರವೆಲ್ಲ ಟ್ರೇಲರಿನ ಬಾಲದ ತುದಿಗೆ ಬಂದ ಕ್ಷಣದಲ್ಲಿ ಟ್ರೇಲರಿನ ಮೂತಿ ಮೇಲಕ್ಕೆ ಏಳುತ್ತದೆ, ಅದರೊಂದಿಗೆ ಪಿಕಪ್‌ನ ಹಿಂಭಾಗವೂ ಏಳುತ್ತದೆ. ಪಿಕಪ್‌ನ ಕೈಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರವಾದ್ದರಿಂದ ಅವು ನೆಲದ ಮೇಲಿನ ಹಿಡಿತ ಕಳೆದುಕೊಂಡು ಇಡೀ ಜೋಡಿ ಜಾರಬಹುದು. ಟ್ರೇಲರಿನ ಬಾಲಕ್ಕೆ ಮಡಚಿ ಇಳಿಸುವ ಎರಡು ಊರುಗಾಲು ಇದ್ದರೆ ಈ ಅಪಾಯವೇ ಇರುವುದಿಲ್ಲ. ಟ್ರೇಲರನ್ನು ನೋಡಲು ಹೋದಾಗ ಈ ಊರುಗಾಲು ಇದೆಯೇ ಎಂದು ಬಗ್ಗಿ ನೋಡಬೇಕು, ಇಲ್ಲದಿದ್ದರೆ ಕಟ್ಟಿಸಿಕೊಡಲು ಹೇಳಬೇಕು.

ಟೈರಿನ ಪಕ್ಕೆಯಲ್ಲಿ ಬರೆದಿರುವ ಭಾರಾಂಕವನ್ನು ಓದಿಕೊಳ್ಳಬೇಕು. 104 ಎಂದಿದ್ದರೆ ಒಂದು ಟೈರು 900 ಕೆ.ಜಿ., 106 ಎಂದಿದ್ದರೆ 950 ಕೆ.ಜಿ. ಹೊರುತ್ತದೆ. ಅಲ್ಲಿಯೇ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷವೂ ಇರುತ್ತದೆ. ಬಹುಕಾಲ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತಿದ್ದ ಸೆಕೆಂಡ್ ಹ್ಯಾಂಡ್ ಟ್ರೇಲರಿನ ಟೈರು ಸವೆಯದೆಯೇ ಒಳಗಿಂದ ಬಿರುಕು ಬಿಟ್ಟಿರಬಹುದು.

ಕರಾವಳಿಯಲ್ಲಿ ಇಡುವವರು, ಅಂದರೆ ಕಾರವಾರ, ಅಂಕೋಲಾ, ಹೊನ್ನಾವರದವರು, ಬಣ್ಣ ಬಳಿದ ಚೌಕಟ್ಟಿಗಿಂತ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಚೌಕಟ್ಟಿಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಉಪ್ಪುಗಾಳಿ ಮೊದಲು ತಿನ್ನುವುದು ಬೆಸುಗೆಯ ಸಂದುಗಳನ್ನು ಮತ್ತು ದೀಪದ ಪ್ಲಗ್ಗಿನ ಪಿನ್ನುಗಳನ್ನು. ಹಾಸಿನ ಮೇಲೆ ಚೆಕ್ಕರ್ ಪ್ಲೇಟ್ (ಉಬ್ಬು ಗೆರೆಗಳಿರುವ ಲೋಹದ ತಗಡು) ಹಾಕಿಸಿದರೆ ಬಾಳಿಕೆ ಬರುತ್ತದೆಯಾದರೂ ಮಳೆಗಾಲದ ಕೆಸರಿನಲ್ಲಿ ಜಾರುತ್ತದೆ. ಗಟ್ಟಿಯಾದ ಮತ್ತಿ ಮರದ ಹಲಗೆ ಹಾಸಿ, ಚಕ್ರ ಓಡುವ ಎರಡು ಸಾಲಿಗೆ ಮಾತ್ರ ಕಬ್ಬಿಣದ ಜಾಲರಿ ಬಡಿಯುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಐದನೆಯ ಹೆಜ್ಜೆ: ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ನೋಂದಣಿಯಾಗಬೇಕಾದ ವಾಹನವೇ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿದರೆ ಅಗ್ಗವಾಗಬಹುದು, ಆದರೆ ಮಾದರಿಯ ಅನುಮೋದನಾ ಪತ್ರವಿಲ್ಲದ ಟ್ರೇಲರಿನ ನೋಂದಣಿಗೆ ತೊಡಕಾಗುತ್ತದೆ. ಕೊಳ್ಳುವ ಮೊದಲೇ ತಯಾರಕರ ಕಾಗದದ ಪ್ರತಿ ಹಿಡಿದುಕೊಂಡು ಶಿರಸಿ, ಕಾರವಾರ ಅಥವಾ ಹೊನ್ನಾವರದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ನಿಮ್ಮ ಪಿಕಪ್‌ನ ಜೊತೆ ಅದನ್ನು ಎಳೆಯಲು ಯಾವ ಪರವಾನಗಿ ಬೇಕು, ಬಾಡಿಗೆ ಕೆಲಸಕ್ಕೆ ಪರ್ಮಿಟ್ ಬೇಕೇ ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಬೇಕು. ಪಿಕಪ್‌ನ ವಿಮೆ ಟ್ರೇಲರಿಗೂ ಅನ್ವಯಿಸುತ್ತದೆಂದು ಭಾವಿಸದೆ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕು.

ಕೊನೆಯ ಹೆಜ್ಜೆ: ಹೇರಿ ನೋಡುವುದು

ಹಣ ಪೂರ್ತಿ ಕೊಡುವ ಮೊದಲು ಟ್ರ್ಯಾಕ್ಟರನ್ನು ಹೇರಿ ವೇ ಬ್ರಿಜ್‌ಗೆ ಹೋಗಬೇಕು. ಟ್ರೇಲರ್ ಜೋಡಿಸದೆ ಪಿಕಪ್ಪನ್ನು ಒಮ್ಮೆ, ಟ್ರೇಲರ್ ಜೋಡಿಸಿ ಪಿಕಪ್‌ನ ಚಕ್ರಗಳನ್ನು ಮಾತ್ರ ಕಾಟಾದ ಮೇಲಿಟ್ಟು ಇನ್ನೊಮ್ಮೆ ತೂಗಿದರೆ ಎರಡರ ವ್ಯತ್ಯಾಸವೇ ಮೂತಿಯ ಭಾರ. ಅದು ಕಡಿಮೆ ಬಂದರೆ ಟ್ರ್ಯಾಕ್ಟರನ್ನು ಮುಂದಕ್ಕೆ, ಹೆಚ್ಚು ಬಂದರೆ ಹಿಂದಕ್ಕೆ ಸರಿಸಬೇಕು. ರೋಟವೇಟರ್ ಕಟ್ಟಿದ ಟ್ರ್ಯಾಕ್ಟರಿನ ಭಾರ ಹಿಂಬದಿಯಲ್ಲಿಯೇ ಇರುವುದರಿಂದ, ಅದನ್ನು ಹಿಮ್ಮುಖವಾಗಿ ಹತ್ತಿಸಿದರೆ ಭಾರ ಪಿಕಪ್‌ನ ಕಡೆಗೆ ಬರುತ್ತದೆ, ಏಣಿಯಲ್ಲಿ ಮಗುಚುವ ಭಯವೂ ತಗ್ಗುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಹಾಸಿನ ಮೇಲೆ ಚಕ್ರ ನಿಲ್ಲುವಲ್ಲಿ ಬಣ್ಣದ ಗೆರೆ ಎಳೆದುಕೊಳ್ಳಬೇಕು.

ಬಿಗಿಯಲು ಹಗ್ಗ ಸಾಲದು. 8 ಮಿ.ಮೀ. ದಪ್ಪದ, 80ನೇ ದರ್ಜೆಯ ಸರಪಳಿಯೊಂದು 2 ಟನ್ ಎಳೆತವನ್ನು ತಾಳುತ್ತದೆ. ಅಂಥ ನಾಲ್ಕು ಸರಪಳಿಗಳನ್ನು ನಾಲ್ಕು ಮೂಲೆಗಳಿಂದ, ಟ್ರ್ಯಾಕ್ಟರಿನ ಆಕ್ಸಲ್ಲಿಗೆ ಅಥವಾ ಕೊಕ್ಕೆಯ ಚೌಕಟ್ಟಿಗೆ ಹಾಕಿ ಬಿಗಿಯಬೇಕೇ ಹೊರತು ಬಾನೆಟ್ಟಿಗಾಗಲಿ ಸ್ಟಿಯರಿಂಗ್ ಸರಳಿಗಾಗಲಿ ಅಲ್ಲ. ರೋಟವೇಟರನ್ನು ಹಾಸಿನ ಮೇಲೆ ಇಳಿಸಿ, ಟ್ರ್ಯಾಕ್ಟರನ್ನು ಗೇರಿನಲ್ಲಿಟ್ಟು, ಕೈಬ್ರೇಕ್ ಎಳೆದು, ಚಕ್ರಗಳಿಗೆ ಮರದ ಬೆಣೆ ಕೊಡಬೇಕು. ನಂತರ ಸಪಾಟು ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಸರಪಳಿಗಳನ್ನು ಮತ್ತೆ ಬಿಗಿದು, ಟ್ರೇಲರಿನ ಪ್ರತಿ ಚಕ್ರದ ಗುಂಬದ ಸಮೀಪಕ್ಕೆ ಅಂಗೈ ಒಯ್ದು ಶಾಖ ನೋಡಬೇಕು. ಒಂದು ಬದಿ ಮಾತ್ರ ಬಿಸಿಯಾಗಿದ್ದರೆ ಬ್ರೇಕ್ ಒರೆಯುತ್ತಿದೆ ಅಥವಾ ಬೇರಿಂಗಿನಲ್ಲಿ ಗ್ರೀಸ್ ಇಲ್ಲ. ಅದು ಸರಿಯಾಗುವವರೆಗೆ ಘಟ್ಟಕ್ಕೆ ಇಳಿಯಬಾರದು. ಇಳಿಯುವ ದಿನ ದೇವಿಮನೆಯ ಮೇಲೆಯೇ ಎರಡನೆಯ ಗೇರಿಗೆ ಹಾಕಿಕೊಂಡು, ಕೆಳಗೆ ತಲುಪಿದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು.