ಒಳಗಾರೆ ಬಿಲ್ಲು ನ್ಯಾಯವೋ ಅಲ್ಲವೋ: ನಾನು ಚೀಲ ಎಣಿಸಿ ನೋಡುವ ಬಗೆ

ಮೈಸೂರಿನ ಬೋಗಾದಿ ಕಡೆಯ ಒಂದು ಮನೆಯ ಒಳಗಾರೆ ಬಿಲ್ಲು ಕಳೆದ ತಿಂಗಳು ಇತ್ಯರ್ಥವಾಯಿತು. ಮೇಸ್ತ್ರಿ ಬರೆದುಕೊಟ್ಟಿದ್ದು ಬರೀ ಗೋಡೆಗೇ 5,400 ಚದರಡಿ. ಚದರಡಿಗೆ 28 ರೂಪಾಯಿ ಕೂಲಿ ಅಂದರೆ ಒಂದೂವರೆ ಲಕ್ಷದ ಮೇಲೆ. ಕೊನೆಗೆ ಇಬ್ಬರೂ ಒಪ್ಪಿ ಮುಗಿಸಿದ್ದು 1,30,000ಕ್ಕೆ. ಮಾತು ಬಿಸಿಯಾಗಲಿಲ್ಲ, ಅದೇ ಮೇಸ್ತ್ರಿ ಈಗ ಹೊರಗಾರೆಯನ್ನೂ ಮಾಡುತ್ತಿದ್ದಾರೆ. ಎಷ್ಟು ಸಿಮೆಂಟ್ ಚೀಲ ಖಾಲಿಯಾಯಿತು ಅನ್ನೋ ಲೆಕ್ಕದಿಂದ ಗಾರೆ ಬಿಲ್ಲು ಸರಿಯೋ ತಪ್ಪೋ ಹಿಡಿಯೋಕಾಗಲ್ಲ, ಅರ್ಧ ಕಲಸು ನೆಲಕ್ಕೇ ಹೋಗುತ್ತೆ ಅಂತ ನನ್ನ ಜೊತೆ ಸೈಟು ನೋಡಿಕೊಳ್ಳುವವರೆಲ್ಲ ಹೇಳುತ್ತಲೇ ಬಂದಿದ್ದರು. ಹಿಡಿಯಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ಎರಡು ದಾರಿ ನೋಡಿದ್ದೆ. ಕಟ್ಟಿದ ವಿಸ್ತೀರ್ಣಕ್ಕೆ ಮೂರು ಪಟ್ಟು ಒಳಗೋಡೆ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. 30-40 ಸೈಟಿನಲ್ಲಿ ದೊಡ್ಡ ಹಾಲ್ ಇಟ್ಟವರ ಮನೆಗೆ ಅದು ಜಾಸ್ತಿಯಾಗುತ್ತೆ, ಸಣ್ಣ ಸಣ್ಣ ರೂಮು ಕಟ್ಟಿಸಿದವರಿಗೆ ಕಮ್ಮಿಯಾಗುತ್ತೆ. ಸಾವಿರಗಟ್ಟಲೆ ರೂಪಾಯಿ ಆ ಕಡೆ ಈ ಕಡೆ ಆಗೋ ಲೆಕ್ಕ ಹಿಡಿದುಕೊಂಡು ಮೇಸ್ತ್ರಿ ಎದುರು ಕೂರೋಕಾಗಲ್ಲ. ಆಮೇಲೆ ಆಳಿನ ಲೆಕ್ಕ: ಎಷ್ಟು ಗಾರೆಯವರು, ಎಷ್ಟು ಹೆಲ್ಪರ್, ಎಷ್ಟು ದಿನ. ಒಂದು ದಿನ ನೀರಿಲ್ಲ, ಒಂದು ದಿನ ಮಳೆ, ಸೋಮವಾರ ಅರ್ಧ ಜನ ಬರಲ್ಲ. ಶನಿವಾರದ ಬಟವಾಡೆ ಪುಸ್ತಕಕ್ಕೂ ಗೋಡೆಗೂ ಒಂದು ಸಲವೂ ತಾಳೆ ಬೀಳಲಿಲ್ಲ.

ಚೀಲದ ಲೆಕ್ಕದಲ್ಲಿ ಎಲ್ಲರೂ ಎಡವುವುದು ಪುಸ್ತಕದ ಅಂಕಿ ಹಿಡಿಯುವುದರಿಂದ. 12 ಎಂಎಂ ದಪ್ಪ, ಒಂದಕ್ಕೆ ಆರು ಕಲಸು (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಅಂದರೆ ಚೀಲಕ್ಕೆ 110ರಿಂದ 130 ಚದರಡಿ ಅನ್ನೋದು ಗೊತ್ತಿರೋದೇ. ಆದರೆ ಒಂದೊಂದು ತಂಡದ ಕೈ ಒಂದೊಂದು ಥರ. ಅದಕ್ಕೆ ನಾನು ಮೊದಲ ರೂಮನ್ನೇ ತಕ್ಕಡಿ ಮಾಡಿಕೊಳ್ಳುತ್ತೇನೆ. ಆ ರೂಮಿಗೆ ಚೀಲ ನಾನೇ ಎಣಿಸಿ ಕೊಡುತ್ತೇನೆ, ಕೆಳಗೆ ಬಿದ್ದದ್ದು ಹೊತ್ತಿಗೆ ಸರಿಯಾಗಿ ಎತ್ತುತ್ತಾರಾ ನೋಡುತ್ತೇನೆ, ಮುಗಿದ ಮೇಲೆ ಟೇಪ್ ಹಿಡಿಯುತ್ತೇನೆ. ಬೋಗಾದಿಯಲ್ಲಿ 12-11ರ ರೂಮು, 10 ಅಡಿ ಎತ್ತರ, ಕಿಟಕಿ ಬಾಗಿಲು ಕಳೆದು 430 ಅಡಿ ಚಿಲ್ಲರೆ; ಹಿಡಿದದ್ದು ಮೂರೂಮುಕ್ಕಾಲು ಚೀಲ. ಚೀಲಕ್ಕೆ 115 ಅಡಿ. ಆ ರೂಮೂ ಸೇರಿ ಗೋಡೆಗಾರೆಗೆ ಹೋದದ್ದು ಒಟ್ಟು 42 ಚೀಲ, ಅಂದರೆ 4,800 ಅಡಿ ಆಸುಪಾಸು. 5,400 ಆಗಬೇಕಿದ್ದರೆ ಇನ್ನೂ ನಾಲ್ಕೈದು ಚೀಲ ಖಾಲಿಯಾಗಬೇಕಿತ್ತು. ಸೀಲಿಂಗನ್ನು ಇದರಲ್ಲಿ ಬೆರೆಸಬೇಡಿ. ಅಲ್ಲಿ ದಪ್ಪ 6 ಎಂಎಂ, ಕಲಸು ಗಟ್ಟಿ, ಲೆಕ್ಕವೇ ಬೇರೆ. ಗೋಡೆ ಕಟ್ಟೋಕೆ, ಕಾಂಕ್ರೀಟಿಗೆ ಅಂತ ಅದೇ ಗೋದಾಮಿನಿಂದ ಹೋಗೋ ಚೀಲವನ್ನು ಗಾರೆ ಚೀಲದಿಂದ ಹೇಗೆ ಬೇರೆ ಹಿಡಿಯುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಅದು ಹೊರಬಿದ್ದರೆ ನಾಳೆಯಿಂದ ಉಪಯೋಗಕ್ಕೆ ಬರಲ್ಲ.

ಒಂದು ಮಳೆಗಾಲದಲ್ಲಿ ಈ ಲೆಕ್ಕವೂ ಕೈಕೊಟ್ಟಿತ್ತು. ಚೀಲ ಹೆಚ್ಚು ಹೆಚ್ಚು ಖರ್ಚಾಗುತ್ತಿತ್ತು, ಗೋಡೆ ಮಾತ್ರ ಅಷ್ಟೇ. ಕದಿಯುತ್ತಿದ್ದಾರೆ ಅಂತ ಓನರಿಗೆ ಅನುಮಾನ. ನಾನು ಒಂದು ಬಕೆಟ್ ತುಂಬ ಪಿ-ಸ್ಯಾಂಡ್ (ಗಾರೆಗೆ ಬಳಸುವ, ಕಲ್ಲು ಪುಡಿಮಾಡಿದ ಮರಳು) ಹಾಕಿ, ಮೇಲೆ ನಿಲ್ಲೋವರೆಗೆ ನೀರು ತುಂಬಿಸಿ, ಕೋಲಲ್ಲಿ ಕಲಕಿ ಬಿಟ್ಟೆ. ಮರಳು ನಾಲ್ಕು ಬೆರಳಿಗಿಂತ ಕೆಳಗೆ ಕೂತಿತು! ತೇವದ ಮರಳು ಉಬ್ಬಿರುತ್ತೆ, ಬಾಂಡ್ಲಿ ತುಂಬಿದ ಹಾಗೆ ಕಂಡರೂ ಒಳಗೆ ಮರಳು ಕಮ್ಮಿ. ಒಂದಕ್ಕೆ ಆರು ಅಂದುಕೊಂಡದ್ದು ಒಂದಕ್ಕೆ ಐದೂ ಇರಲಿಲ್ಲ. ಆವತ್ತಿಂದ ಮರಳಿನ ಮೇಲೆ ಟಾರ್ಪಾಲ್ ಕಡ್ಡಾಯ. ಲೋಡು ನೆನೆದರೆ ತಕ್ಕಡಿ ರೂಮು ಮತ್ತೆ ಮಾಡಿಸುತ್ತೇನೆ.

ಇನ್ನು ಬೋಗಾದಿ ಬಿಲ್ಲಿನಲ್ಲಿ ಹೆಚ್ಚಿಗೆ ಇದ್ದ 600 ಅಡಿ ಚಿಲ್ಲರೆ ಎಲ್ಲಿಂದ ಬಂತು? ಬಹುಪಾಲು ಬಾಗಿಲು ಕಿಟಕಿಯಿಂದ. ಮೇಸ್ತ್ರಿ ಗೋಡೆಯನ್ನು ಸಾಲಿಡ್ ಅಳೆದಿದ್ದರು, ಅಂದರೆ ಬಾಗಿಲು ಕಿಟಕಿ ಕಳೆಯದೆ; ಅದರ ಮೇಲೆ ಜಾಂಬಿಗೆ, ಅಂದರೆ ಬಾಗಿಲು ಕಿಟಕಿ ಸುತ್ತ ಗೋಡೆಯ ದಪ್ಪದಲ್ಲಿ ಕಾಣುವ ಅಂಚಿಗೆ, ಬೇರೆ ರನ್ನಿಂಗ್ ಫೀಟ್ (ಉದ್ದದ ಲೆಕ್ಕ) ಹಾಕಿದ್ದರು. ಸಾಲಿಡ್ ಅಳೆದರೆ ಜಾಂಬ್ ಕೇಳಬಾರದು, ಜಾಂಬ್ ಕೇಳಿದರೆ ಓಪನಿಂಗ್ ಕಳೆಯಬೇಕು. ಕಟ್ಟಡ ಕೆಲಸ ಅಳೆಯೋಕೆ ಇರುವ ಭಾರತೀಯ ಮಾನದಂಡ ಐಎಸ್ 1200ರ 12ನೇ ಭಾಗ ಗಾರೆಯವರಿಗೆ ಉದಾರವಾಗೇ ಇದೆ: ಅರ್ಧ ಚದರ ಮೀಟರ್, ಅಂದರೆ ಐದೂವರೆ ಚದರಡಿ ತನಕ ಏನೂ ಕಳೆಯೋ ಹಾಗಿಲ್ಲ. ಅಲ್ಲಿಂದ ಮೂರು ಚದರ ಮೀಟರ್ ತನಕ, ಎರಡೂ ಮುಖಕ್ಕೆ ಒಂದೇ ಗಾರೆಯಾದರೆ, ಒಂದು ಮುಖದಲ್ಲಿ ಮಾತ್ರ ಕಳೆಯೋದು, ಜಾಂಬಿಗೆ ಬೇರೆ ಇಲ್ಲ. ಅದಕ್ಕೂ ದೊಡ್ಡದಾದರೆ ಎರಡೂ ಕಡೆ ಕಳೆದು ಜಾಂಬ್ ಅಳೆದು ಕೊಡಬೇಕು. 3-7ರ ಬಾಗಿಲು ತಗೊಳ್ಳಿ. ಒಂದು ಮುಖದ 21 ಅಡಿ ಮೇಸ್ತ್ರಿಗೇ ಉಳಿಯುತ್ತೆ; ಆರಿಂಚು ಗೋಡೆಯಲ್ಲಿ ಜಾಂಬಿನ ಕೆಲಸ ಎಂಟೂವರೆ ಅಡಿ. ಹಾಲಿನಿಂದ ಡೈನಿಂಗಿಗೆ ಬಿಟ್ಟ 8-7ರ ಓಪನಿಂಗ್ ಒಂದನ್ನೇ ಪೂರ್ತಿ ಕಳೆದೆವು. ಮೇಸ್ತ್ರಿ ಪಕ್ಕದಲ್ಲಿ ಕೂತು ಒಂದು ಬಾಗಿಲು ತಾವೇ ಲೆಕ್ಕ ಹಾಕಿ, "ಸರಿ ಸಾರ್, ಹಿಂಗೇ ಬರ್ಕೊಳಿ" ಅಂದರು. ಬಾತ್‌ರೂಮಲ್ಲಿ ಟೈಲ್ಸ್ ಬರೋ 320 ಅಡಿ ಬರೀ ರಫ್ ಗಾರೆ, ಅದಕ್ಕೆ 18 ರೂಪಾಯಿ ಮಾಡಿದೆವು.

ಬಿಲ್ಲು ಕಡಿಮೆ ಮಾಡೋಕಷ್ಟೇ ಈ ಲೆಕ್ಕ ಅಂದುಕೊಳ್ಳಬೇಡಿ. ಮಂಡ್ಯದಲ್ಲಿ ರಿಟೈರಾದ ಮೇಷ್ಟ್ರೊಬ್ಬರ ಮನೆ. ಚೀಲಕ್ಕೆ 70 ಅಡಿಯೂ ಬರುತ್ತಿರಲಿಲ್ಲ, ಮೇಲೆ ಗಾರೆಯವರು ಎರಡು ಕೋಟ್ (ಎರಡು ಪದರ) ಗಾರೆಯ ಕೂಲಿ ಬೇರೆ ಕೇಳಿದ್ದರು. ಮೇಷ್ಟ್ರು ದುಡ್ಡು ತಡೆದಿದ್ದರು. ನಾನು ಸ್ವಿಚ್ ಬಾಕ್ಸ್‌ಗಳ ಅಂಚಿನಲ್ಲಿ ದಪ್ಪ ಅಳೆದೆ. ಕೆಲವು ಕಡೆ 30 ಎಂಎಂ ಮೀರಿತ್ತು. ಗೋಡೆ ಕಟ್ಟಿದವರು ಬೇರೆ ತಂಡ, ತೂಕದ ಗುಂಡು ಬಿಟ್ಟರೆ ಗೋಡೆಯೇ ಹೊರಗೆ ವಾಲಿತ್ತು. ಅಷ್ಟು ದಪ್ಪ ಒಂದೇ ಸಲ ಎಳೆದರೆ ಜಾರಿ ಬೀಳುತ್ತೆ, ಎರಡು ಕೋಟ್ ಹಾಕಲೇಬೇಕು. "ಮೇಷ್ಟ್ರೇ, ಇವರು ನಿಮ್ಮ ಗೋಡೆ ನೆಟ್ಟಗೆ ಮಾಡಿಕೊಟ್ಟಿದ್ದಾರೆ, ಪೂರ್ತಿ ಕೊಡಿ" ಅಂದೆ. ಆ ವಾರದ ಬಟವಾಡೆಗೇ ಕೊಟ್ಟರು.

ಗಾರೆಯ ಗುಣವನ್ನು ಬಿಲ್ಲಿನಲ್ಲಿ ಬೆರೆಸಲ್ಲ. ಕ್ಯೂರಿಂಗ್ ಮುಗಿದ ಮೇಲೆ ನಾಣ್ಯದಲ್ಲಿ ಗೋಡೆ ಪೂರ್ತಿ ತಟ್ಟುತ್ತಾ ಹೋಗುತ್ತೇನೆ, ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು. ಅದಕ್ಕೆ ದುಡ್ಡು ಮುರಿಯೋದಿಲ್ಲ. ಒಡೆದು, ನೀರು ಹಾಕಿ, ಅದೇ ತಂಡ ಮತ್ತೆ ಎಳೆಯಬೇಕು; ಬಿಲ್ಲಿನ ಕೊನೆಯ ಹತ್ತು ಸಾವಿರ ಆವತ್ತು ಸಂಜೆ ಕೈಗೆ.