ಕಮಿಟ್ ಆದ ಮೇಲೆ ಮನಸ್ಸು ಬದಲಾದರೆ: ಮೊದಲ ಫೋನ್ ಯಾರಿಗೆ?

ನಮ್ಮ ಮಗ ಹನ್ನೊಂದನೇ ಕ್ಲಾಸಿನಲ್ಲಿದ್ದಾಗ, ಮಾರ್ಚ್‌ನಲ್ಲಿ, ಒಂದು ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮಿಗೆ ಕಮಿಟ್ ಆದ, ಅಂದರೆ ನಿಮ್ಮಲ್ಲಿಗೇ ಬರುತ್ತೇನೆ ಅಂತ ಮಾತು ಕೊಟ್ಟ. ಆಗಸ್ಟ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಂಡ. ಆ ಐದು ತಿಂಗಳಲ್ಲಿ ನನ್ನ ತೂಕ ಮೂರು ಕೆಜಿ ಇಳಿಯಿತು. ಕ್ರಿಕೆಟ್ ನೋಡಿ ಬೆಳೆದವನು ನಾನು, ಅಮೆರಿಕದ ಕಾಲೇಜುಗಳು ಆಟಗಾರರನ್ನು ಆರಿಸಿಕೊಳ್ಳುವ ಈ ರಿಕ್ರೂಟಿಂಗ್ ಬಗ್ಗೆ ಕೇಳಲು ಮನೆಯಲ್ಲೂ ಯಾರಿಲ್ಲ, ಆಫೀಸಿನಲ್ಲೂ ಯಾರಿಲ್ಲ. ನಿಮ್ಮ ಮನೆಯಲ್ಲಿ ಚೆಂಡು ಬಡಿಯುವ ಹುಡುಗನೋ ಹುಡುಗಿಯೋ ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಕಮಿಟ್ ಆಗುವುದು ಅಂದರೆ ಬರೀ ಬಾಯಿಮಾತು. ಮಗುವೂ ಬದಲಾಯಿಸಬಹುದು, ಕೋಚ್ ಕೂಡ ಆಫರ್ ವಾಪಸ್ ತಗೋಬಹುದು. ಜರ್ಸಿ ಹಾಕಿಕೊಂಡು ಎಷ್ಟೇ ಫೋಟೋ ಹಾಕಿದ್ದರೂ ಅಷ್ಟೇ. ಕಟ್ಟಿಹಾಕುವುದು ಸಹಿ ಮಾಡಿದ ಕಾಗದ ಮಾತ್ರ. ಇದೇ ಕಾಲೇಜಿಗೆ ಬರುತ್ತೇನೆ ಅಂತ ಸಹಿ ಮಾಡುವ, 1964ರಿಂದ ಇದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಈಗ ಸಹಿ ಮಾಡುವುದು ಕಾಲೇಜಿನ ಸ್ಕಾಲರ್‌ಶಿಪ್ ಒಪ್ಪಂದಕ್ಕೆ. ಬಾಸ್ಕೆಟ್‌ಬಾಲ್‌ನಲ್ಲಿ ಅದು ಶುರುವಾಗುವುದು ಹನ್ನೆರಡನೇ ಕ್ಲಾಸಿನ ನವೆಂಬರ್‌ನಲ್ಲಿ. ಸಹಿ ಆದ ಮೇಲೆ ಬೇರೆ ಕಾಲೇಜಿನವರು ಮಗುವನ್ನು ಮಾತಾಡಿಸುವ ಹಾಗಿಲ್ಲ.

ಇದನ್ನೆಲ್ಲ ನಮ್ಮ ಅತ್ತೆಗೆ ಫೋನಿನಲ್ಲಿ ವಿವರಿಸಿದೆ. ಅವರು ಕೇಳಿದ್ದು ಒಂದೇ: "ಅದೆಲ್ಲ ಸರಿ ಕಣಪ್ಪಾ, ಮಾತು ಕೊಟ್ಟು ತಪ್ಪೋದು ಸರೀನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಆದರೆ ಮಕ್ಕಳು ಸುಮ್ನೆ ಬದಲಾಯಿಸುವುದಿಲ್ಲ. ಎಷ್ಟೋ ಸಲ ಮಗು ಆರಿಸಿಕೊಳ್ಳುವುದು ಕಾಲೇಜನ್ನಲ್ಲ, ಕೋಚ್‌ನನ್ನು. 2009ರಲ್ಲಿ ಹೆಸರಾಂತ ಕೋಚ್ ಜಾನ್ ಕ್ಯಾಲಿಪರಿ ಮೆಂಫಿಸ್ ಕಾಲೇಜು ಬಿಟ್ಟು ಕೆಂಟಕಿಗೆ ಹೋದಾಗ, ಮೆಂಫಿಸ್‌ಗೆ ಹೂಂ ಅಂದಿದ್ದ ಆಟಗಾರ ಡೆಮಾರ್ಕಸ್ ಕಸಿನ್ಸ್ ಕೂಡ ಕೆಂಟಕಿಗೆ ಹೋದ. 2024ರಲ್ಲಿ ಅದೇ ಕ್ಯಾಲಿಪರಿ ಕೆಂಟಕಿ ಬಿಟ್ಟು ಅರ್ಕನ್ಸಾಗೆ ಹೋದಾಗ, ಕೆಂಟಕಿಗೆ ಬರಬೇಕಿದ್ದ ಬೂಗಿ ಫ್ಲಾಂಡ್, ಕಾರ್ಟರ್ ನಾಕ್ಸ್, ಬಿಲ್ಲಿ ರಿಚ್‌ಮಂಡ್ ಮೂವರೂ ಅರ್ಕನ್ಸಾ ಸೇರಿದರು. ಆಟಗಾರ್ತಿ ಎಲೆನಾ ಡೆಲೆ ಡಾನ್ ಕಥೆ ಬೇರೆ. 2008ರಲ್ಲಿ ಅವಳು ಯುಕಾನ್‌ಗೆ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಹೋಗಿ, ಮನೆ ಬಿಟ್ಟಿರಲು ಆಗದೆ ಎರಡೇ ದಿನಕ್ಕೆ ವಾಪಸ್ ಬಂದಳು. ಆಮೇಲೆ ಮನೆ ಹತ್ತಿರದ ಡೆಲವೇರ್‌ನಲ್ಲಿ ಆಡಿದಳು. ಮುಂದೆ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಎರಡು ಸಲ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ್ತಿ, ಆದಳು.

ನಮ್ಮದು ಇಷ್ಟು ದೊಡ್ಡ ಕಥೆಯಲ್ಲ. ನಮ್ಮವನನ್ನು ಹುಡುಕಿದ ಅಸಿಸ್ಟೆಂಟ್ ಕೋಚ್ ಏಪ್ರಿಲ್‌ನಲ್ಲಿ ಕೆಲಸ ಬದಲಾಯಿಸಿದರು. ಮೇ ತಿಂಗಳಲ್ಲಿ ಆ ಕಾಲೇಜಿನವರು ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಾಯಿಸಬೇಕೆನ್ನುವ ಆಟಗಾರರ ಆನ್‌ಲೈನ್ ಪಟ್ಟಿ) ಇಬ್ಬರು ಪಾಯಿಂಟ್ ಗಾರ್ಡ್‌ಗಳನ್ನು, ಅಂದರೆ ಚೆಂಡು ಹಿಡಿದು ಆಟ ನಡೆಸುವವರನ್ನು, ತಂದರು. ಇಬ್ಬರಿಗೂ ಇನ್ನೂ ಮೂರು ವರ್ಷ ಆಡುವ ಅವಕಾಶ ಇತ್ತು. ನಮ್ಮವನೂ ಪಾಯಿಂಟ್ ಗಾರ್ಡೇ. 2024ರಿಂದ ಆಟಗಾರರು ಓದಿನಲ್ಲಿ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಾಯಿಸಿ ತಕ್ಷಣ ಆಡಬಹುದು. ಹೀಗಿರುವಾಗ ಹದಿನೆಂಟರ ಹುಡುಗನಿಗಿಂತ ಪಳಗಿದ ಇಪ್ಪತ್ತೆರಡರವನೇ ಕೋಚ್‌ಗೆ ಬೇಕು, ಅಲ್ವಾ? ಕೋಚ್‌ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದ್ದರಿಂದ ಕಮಿಟ್ ಆದ ಮೇಲೂ ರೋಸ್ಟರ್, ಅಂದರೆ ಟೀಮಿನ ಆಟಗಾರರ ಪಟ್ಟಿ, ನೋಡುತ್ತಿರಿ. ಕಾಲೇಜು ಆಟಗಾರರಿಗೆ ದುಡ್ಡು ಕೊಡುವ ವಿಚಾರವಾಗಿ ನಡೆದ ಹೌಸ್ ಕೇಸಿನ ಇತ್ಯರ್ಥಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ ಈಗ ಟೀಮಿಗೆ 15 ಜನ ಮಾತ್ರ. ನಿಮ್ಮ ಮಗುವಿನ ಸ್ಥಾನದಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವರ್ಷ ಉಳಿದಿದೆ, ಒಂದು ಹಾಳೆಯಲ್ಲಿ ಬರೆಯಿರಿ. ಅನುಮಾನ ಬಂದರೆ ಹೆಡ್ ಕೋಚ್‌ನನ್ನೇ ನೇರವಾಗಿ ಕೇಳಿ. ನಾವು ಜೂನ್‌ನಲ್ಲಿ ಕೇಳಿದೆವು. "ಅವನಂದ್ರೆ ನಮಗೆ ತುಂಬಾ ಇಷ್ಟ" ಅಂದರು. ನಾವು ಕೇಳಿದ್ದು ಅದಲ್ಲ. ಮೊದಲ ವರ್ಷ ಎಷ್ಟು ಹೊತ್ತು ಆಡಿಸುವ ಯೋಚನೆ ಇದೆ, ನವೆಂಬರ್‌ನಲ್ಲಿ ಕಾಗದ ಬರುತ್ತಾ, ಎಷ್ಟು ಸ್ಕಾಲರ್‌ಶಿಪ್, ಇದು ನಮಗೆ ಬೇಕಿತ್ತು. ಇಷ್ಟ ಪಡುವ ಮಾತು ಜಾಸ್ತಿಯಾಗಿ ಲೆಕ್ಕದ ಮಾತು ಕಡಿಮೆಯಾದರೆ ಎಚ್ಚರ.

ಬೇರೆ ಕಾಲೇಜಿನ ಆಫರ್ ನಂಬಿಕೊಂಡು ಕೈಬಿಡುವ ಮುಂಚೆ ಅದು ನಿಜವಾದ ಆಫರ್ ಹೌದಾ ನೋಡಿ. ಎಷ್ಟೋ ಆಫರ್‌ಗಳು ಬಾಯಿತುದಿಯವು. ಒಂದೇ ಸ್ಥಾನಕ್ಕೆ ಆರು ಜನರಿಗೆ ಆಫರ್ ಕೊಟ್ಟಿರುತ್ತಾರೆ. ಕೇಳಬೇಕಾದ ಪ್ರಶ್ನೆ ಇದು: "ಇವತ್ತೇ ಇವನು ಹೂಂ ಅಂದರೆ ನೀವು ತಗೊಳ್ತೀರಾ?" ಇದಕ್ಕೆ ತಡವರಿಸಿದರೆ ಆಫರ್ ಇಲ್ಲ ಅಂತಲೇ ತಿಳಿಯಿರಿ. ನಾವು ಇದನ್ನು ಮೂರು ಕಾಲೇಜಿಗೆ ಕೇಳಿದೆವು. ಇಬ್ಬರು ತಡವರಿಸಿದರು.

ಈಗ ನನ್ನ ಎಡವಟ್ಟು. ತೀರ್ಮಾನ ಆದ ರಾತ್ರಿ, ಸಲಹೆ ಕೇಳೋಣ ಅಂತ ಮಗನ ಎಎಯು (ಶಾಲೆಯ ಹೊರಗಿನ ಕ್ಲಬ್ ಟೀಮು) ಕೋಚ್‌ಗೆ ಹೇಳಿದೆ. ಅವರು ಒಳ್ಳೆಯವರೇ. ಆದರೆ ಈ ಲೋಕದಲ್ಲಿ ಸುದ್ದಿಗೆ ಕಾಲಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಕಾಲೇಜಿನ ಕಡೆಯಿಂದ ಮಗನಿಗೆ ಮೆಸೇಜ್ ಬಂತು, "ಏನೋ ಕೇಳಿಬರ್ತಿದೆಯಲ್ಲ?" ಪಾಪ, ಹುಡುಗನ ಮುಖ ನೋಡಲಾಗಲಿಲ್ಲ.

ಹಾಗಾಗಿ ಮೊದಲ ಫೋನ್ ಹೆಡ್ ಕೋಚ್‌ಗೆ. ಆಮೇಲೆ ಎಎಯು ಕೋಚ್, ಹೈಸ್ಕೂಲ್ ಕೋಚ್, ಸ್ನೇಹಿತರು. ಇನ್‌ಸ್ಟಾಗ್ರಾಂ ಕಟ್ಟಕಡೆಗೆ. ಫೋನ್ ಮಾಡಬೇಕಾದದ್ದು ಮಗು, ನೀವಲ್ಲ. ಮೆಸೇಜ್ ಸಾಲದು. ನಮ್ಮವನು ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡ: ಕಮಿಟ್‌ಮೆಂಟ್ ವಾಪಸ್ ತಗೊಳ್ತಿದ್ದೇನೆ, ನನ್ನನ್ನು ಮೊದಲು ನಂಬಿದ್ದು ನೀವು, ಅದಕ್ಕೆ ಥ್ಯಾಂಕ್ಸ್. ಕಾರಣ ಕೇಳಿದರೆ ಒಂದು ವಾಕ್ಯ ಸಾಕು, ವಾದ ಬೇಡ. "ಯೋಚನೆ ಮಾಡ್ತಿದ್ದೇನೆ" ಅಂತ ಶುರು ಮಾಡಿದರೆ ಮನವೊಲಿಸುವ ಕೆಲಸ ಅರ್ಧ ಗಂಟೆ ನಡೆಯುತ್ತದೆ. ಊಟದ ಮೇಜಿನ ಹತ್ತಿರ ಕೂತು ಫೋನ್ ಮಾಡಿದ. ಕುಕ್ಕರ್ ಕೂಗಿಬಿಟ್ಟೀತು ಅಂತ ನನ್ನ ಹೆಂಡತಿ ಸ್ಟವ್ ಆರಿಸಿದಳು. ಮಾತು ಮುಗಿದದ್ದು ನಾಲ್ಕೇ ನಿಮಿಷಕ್ಕೆ. ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೇ ಫೋನ್ ಮಾಡಿದೆಯಲ್ಲ, ಒಳ್ಳೇದು" ಅಂದರಂತೆ.

ಪೋಸ್ಟ್ ಹಾಕುವಾಗ ದೂರು ಬೇಡ, ರೋಸ್ಟರ್ ಮಾತಂತೂ ಬೇಡವೇ ಬೇಡ. ಮುಂದೆ ಪೋರ್ಟಲ್‌ನಲ್ಲಿ ಅದೇ ಕೋಚ್ ಎದುರಾಗಬಹುದು.

ಓದಿನ ಕಡೆ ಎರಡು ಮಾತು. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ 1ಕ್ಕೆ ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಬೇಕು, ಅದರಲ್ಲಿ 10 ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು. ಎಲ್ಲಿಗೆ ಬದಲಾಯಿಸಿದರೂ ಇದು ಬದಲಾಗದು. ಡಿವಿಷನ್ 3 ಮತ್ತು ಐವಿ ಲೀಗ್‌ನಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಆ ಲೆಕ್ಕ ಬೇರೆಯೇ ಹಾಕಬೇಕು. ಮಗು ಇನ್ನೂ ಎಚ್-4ನಲ್ಲಿದ್ದರೆ (ಎಚ್-1ಬಿಯವರ ಕುಟುಂಬದ ವೀಸಾ) ಎನ್‌ಐಎಲ್ ದುಡ್ಡಿನ, ಅಂದರೆ ಆಟಗಾರ ತನ್ನ ಹೆಸರು, ಚಿತ್ರ ಬಳಸಲು ಬಿಟ್ಟು ಗಳಿಸುವ ದುಡ್ಡಿನ, ಆಸೆ ತೋರಿಸುವ ಕಾಲೇಜಿಗೆ ಹೂಂ ಅನ್ನುವ ಮೊದಲು ವೀಸಾ ಲಾಯರ್‌ನನ್ನು ಕಾಣಿ. ಆ ವೀಸಾದಲ್ಲಿ ಮಕ್ಕಳು ದುಡಿಯುವಂತಿಲ್ಲ.

ಇನ್ನೊಂದು, ಸಹಿ ಆಗುವವರೆಗೆ ಟೀ ಶರ್ಟ್ ಕೊಳ್ಳಬೇಡಿ. ನಾವು ಮಾರ್ಚ್‌ನಲ್ಲೇ ಅತ್ತೆ ಮಾವನಿಗೂ ಸೇರಿಸಿ ಆರು ಕೊಂಡೆವು. ಮಾವ ಈಗಲೂ ಅದನ್ನೇ ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ.